ಸೋಮವಾರ ಬಿಚ್ಚಿದ ಕಾರ್ಬರೇಟರ್

"ಇನ್ನೊಮ್ಮೆ ಹೇಳಪಾ," ಎಂದರು ಫೌಜದಾರ ಪ್ರಭುಲಿಂಗಪ್ಪನವರು. "ಪಿಸ್ಟನ್ ಯಾಕ ಹಿಡೀತು?"

ಹೇಳಿ ಹೇಳಿ ಮೆಹಬೂಬಸುಭಾನಿಯ ನಾಲಿಗೆ ಒಣಗಿತ್ತು. ಕೇಳಿ ಕೇಳಿ ಫೌಜದಾರರ ತಲೆ ಚಿಟ್ಟು ಹಿಡಿದಿತ್ತು. ರೋಣದ ಠಾಣೆಯ ಹಂಚು ಕಾದು ಒಳಗೆ ಕೂತವರ ನೆತ್ತಿ ಸುಡುತ್ತಿತ್ತು. ಮೇಜಿನ ಮೇಲೊಂದು ಹಿತ್ತಾಳೆ ತಾಟು. ತಾಟಿನಲ್ಲಿ ಬಿಚ್ಚಿಟ್ಟ ಕಾರ್ಬರೇಟರಿನ ಸಾಮಾನು. ಊಟದ ತಾಟಿನಲ್ಲಿ ಎಣ್ಣೆ ಬಳಿದ ಕಬ್ಬಿಣ ನೋಡಿ ನೋಡಿ ಫೌಜದಾರರಿಗೆ ಮಧ್ಯಾಹ್ನದ ರೊಟ್ಟಿಯೂ ಗಂಟಲಲ್ಲಿ ಇಳಿದಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಗಜೇಂದ್ರಗಡದ ಗುಡ್ಡದ ಏರಿನಲ್ಲಿ, ರೋಣದ ಅರಳೆ ವ್ಯಾಪಾರಸ್ಥರ ಮನೆಯ ಗುರುಸಂಗಪ್ಪ ತನ್ನ ಮೋಟಾರ್ ಸೈಕಲ್ಲು, ಊರವರ ಬಾಯಲ್ಲಿ ಫಟಫಟಿ, ಅದರ ಸಮೇತ ಕೊರಕಲಿಗೆ ಬಿದ್ದು ಸತ್ತಿದ್ದ. ಅವನ ಅಣ್ಣ ತೋಟಪ್ಪನ ಫಿರ್ಯಾದಿಯ ಮೇಲೆ, ಗಜೇಂದ್ರಗಡದಲ್ಲಿ ಫಟಫಟಿ ರಿಪೇರಿ ಮಾಡುವ ಮೆಹಬೂಬಸುಭಾನಿಯನ್ನು ಗುರುವಾರ ಸಂಜೆ ಹಿಡಿದು ತಂದಿದ್ದರು. ಇಂದು ಶುಕ್ರವಾರ. ಐದರ ಬಸ್ಸಿಗೆ ಅವನನ್ನು ಗದಗಿನ ಕೋರ್ಟಿಗೆ ಕಳಿಸಬೇಕೆಂದು ನರಗುಂದದಲ್ಲಿ ಮೊಕ್ಕಾಂ ಮಾಡಿದ್ದ ಸರ್ಕಲ್ ಸಾಹೇಬರಿಂದ ಚೀಟಿ ಬಂದಿತ್ತು. ಕೊಲೆಯ ಕಲಮು ಹಾಕಿ ಕಳಿಸಿದರೆ ಮುಗಿಯಿತು, ಅವನು ಸುಮ್ಮನೆ ತಿರುಗಿ ಬರುವವನಲ್ಲ.

ಇದರಲ್ಲೊಂದು ತಮಾಷೆಯೂ ಇತ್ತು. ಆ ಯಂತ್ರವನ್ನು ಬಿಚ್ಚಿ ಸಾವಿನ ಕಾರಣ ಹುಡುಕಬಲ್ಲವನು ಇಡೀ ತಾಲೂಕಿನಲ್ಲಿ ಒಬ್ಬನೇ, ಅವನೇ ಆರೋಪಿ. ಕೊರಕಲಿನಿಂದ ಚಕ್ಕಡಿಯಲ್ಲಿ ಹೇರಿ ತಂದ ಫಟಫಟಿಯನ್ನು ಅವನ ಕೈಯಿಂದಲೇ ಬಿಚ್ಚಿಸಿ, ಅವನ ಬಾಯಿಂದಲೇ ಕೇಳಿ, ಅವನನ್ನೇ ಕಟ್ಟಿ ಕಳಿಸಬೇಕು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಂಥ ಹೊಲಸು ಕೆಲಸ ತನ್ನ ಪಾಲಿಗೆ ಬಂದಿರಲಿಲ್ಲ ಎಂದುಕೊಂಡರು ಪ್ರಭುಲಿಂಗಪ್ಪನವರು. ಪಿಂಚಣಿಗೆ ಇನ್ನು ಎಂಟು ತಿಂಗಳು. ಸೊಂಟ ಹಿಡಿದಿತ್ತು. ಯಾರನ್ನೂ ಹಿಡಿಯದೆ, ಯಾರನ್ನೂ ಬಡಿಯದೆ ಆ ಎಂಟು ತಿಂಗಳು ಕಳೆದುಹೋದರೆ ಸಾಕಾಗಿತ್ತು.

ಮೆಹಬೂಬಸುಭಾನಿ ತಾಟಿನಿಂದ ಎರಡು ಪುಟ್ಟ ಹಿತ್ತಾಳೆ ತುಣುಕು ಎತ್ತಿದ. ಎರಡೂ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ಉದ್ದ, ನಡುವೆ ಒಂದೊಂದು ತೂತು. ಇವುಗಳಿಗೆ ಜೆಟ್ಟು ಅನ್ನುತ್ತಾರೆ, ಈ ತೂತಿನಿಂದಲೇ ಪೆಟ್ರೋಲು ಇಂಜಿನ್ನಿಗೆ ಏರುತ್ತದೆ ಎಂದು ನಿನ್ನೆಯಿಂದ ನಾಲ್ಕು ಸಲ ಹೇಳಿದ್ದ. ಕಸಬರಿಗೆಯ ಕಡ್ಡಿ ಮುರಿದು ಒಂದಕ್ಕೆ ತೂರಿಸಿದ, ಸರಳವಾಗಿ ಹೋಯಿತು. ಇನ್ನೊಂದಕ್ಕೆ ತೂರಿಸಿದ, ತುದಿಯೂ ಒಳಗೆ ಹೋಗಲಿಲ್ಲ. ದೊಡ್ಡ ತೂತಿನದು ಸೀಟಿನ ಕೆಳಗಿನ ತಗಡಿನ ಡಬ್ಬಿಯಲ್ಲಿ ಸಿಕ್ಕಿತ್ತು. ಸಣ್ಣದು ಕಾರ್ಬರೇಟರಿನಲ್ಲಿತ್ತು.

"ಸಾಹೇಬ್ರ, ಲಷ್ಕರದಾಗ ನಾವು ಕಾಶ್ಮೀರದ ಗುಡ್ಡದಾಗ ಹನ್ನೊಂದು ಸಾವಿರ ಫೂಟಿನ ಮ್ಯಾಲೆ ಇದ್ವಿ. ಅಲ್ಲಿ ಗಾಳಿ ತೆಳು. ಗಾಳಿ ಕಡಿಮಿ ಆದ್ರ ಪೆಟ್ರೋಲು ಹೆಚ್ಚಾಗತೈತಿ, ಕರೀ ಹೊಗಿ ಬರತೈತಿ, ಗಾಡಿ ಕೆಮ್ಮಿ ಕೆಮ್ಮಿ ನಿಲ್ಲತೈತಿ. ಅದಕ್ಕ ಅಲ್ಲಿ ಸಣ್ಣ ಜೆಟ್ಟು ಹಾಕತಿದ್ವಿ. ಕೆಳಗ ಇಳಿದ ಕೂಡಲೇ ಮತ್ತ ದೊಡ್ಡದು ಹಾಕಬೇಕು. ಮರತು ಬಿಟ್ರ ಪೆಟ್ರೋಲು ಸಾಲಂಗಿಲ್ಲ, ಇಂಜಿನ್ನು ಕಾದು ಪಿಸ್ಟನ್ ಹಿಡಕೊಂತೈತಿ. ಪಿಸ್ಟನ್ ಹಿಡೀತಂದ್ರ ಹಿಂದಿನ ಗಾಲಿ ಗಪ್ಪನ ನಿಲ್ಲತೈತಿ."

"ಗಜೇಂದ್ರಗಡದ್ದೂ ಗುಡ್ಡನ ಅಲ್ಲೇನು?"

ನಿನ್ನೆಯಿಂದ ಮೊದಲ ಸಲ ಅವನ ಮುಖದಲ್ಲಿ ನಗೆಯಂಥದ್ದೇನೋ ಸುಳಿಯಿತು. ಆ ಗುಡ್ಡ ಕಾಲಿಗೆ ಗುಡ್ಡ, ಕಾರ್ಬರೇಟರಿಗೆ ಅದು ಬಯಲೇ ಎಂದ ಅವನು. ಕೆಳಗಿನ ಗಾಳಿಯೇ ಮೇಲೂ ಇದೆ. ದೊಡ್ಡ ಜೆಟ್ಟಿನಲ್ಲಿ ದಿನಕ್ಕೆ ಹತ್ತು ಸಲ ಹತ್ತಿ ಇಳಿಯಬಹುದು. ಸಣ್ಣದು ಹಾಕಿಕೊಂಡು, ಕಲ್ಲುಗೊರಕಲಿನ ಆ ದಾರಿಯಲ್ಲಿ ಆ್ಯಕ್ಸಿಲರೇಟರು ಪೂರಾ ತಿರುವಿ ಹತ್ತಿಸಿದರೆ ಮೂರನೆಯ ತಿರುವು ದಾಟುವುದಿಲ್ಲ. ಗುರುಸಂಗಪ್ಪ ದಾಟಿರಲೂ ಇಲ್ಲ.

ಫೌಜದಾರರು ಕಣ್ಣು ಮುಚ್ಚಿ ಹಿಂದಕ್ಕೊರಗಿದರು. ಇದು ಯಾರಿಗೆಲ್ಲ ಗೊತ್ತಿತ್ತು ಎಂಬುದೇ ಪ್ರಶ್ನೆ. ಮೆಹಬೂಬಸುಭಾನಿ ಗುರುಸಂಗಪ್ಪನ ಮನೆಯ ಕಟ್ಟೆಯ ಮೇಲೆ ಕೂತು ಕಾಶ್ಮೀರದ ಕತೆ ಎಷ್ಟು ಸಲ ಹೇಳಿದ್ದನೋ ಅವನಿಗೇ ನೆನಪಿಲ್ಲ. ಹಿಮ, ಕರಿ ಹೊಗೆ, ಸಣ್ಣ ಜೆಟ್ಟು ಹಾಕಿದ ಕೂಡಲೇ ಗಾಡಿ ಕುದುರೆಯ ಹಾಗೆ ಏರಿದ್ದು, ಹೀಗೆ ರಂಗುರಂಗಿನ ಮಾತೆಲ್ಲ ಹೇಳಿದ್ದ. ಬಾಗಿಲ ಮರೆಯಲ್ಲಿ ಹೆಣ್ಣುಮಕ್ಕಳೂ ಕೇಳಿದ್ದರು. ಆದರೆ ಬಯಲಿನಲ್ಲಿ ಸಣ್ಣದು ಹಾಕಿದರೆ ಜೀವಕ್ಕೆ ಅಪಾಯ ಎಂಬ ಮಾತು ಹೇಳಿದ್ದು ಒಂದೇ ಸಲ. ಎರಡು ವರ್ಷದ ಹಿಂದೆ, ಲಷ್ಕರದ ಹರಾಜಿನ ಈ ಫಟಫಟಿಯನ್ನು ತನ್ನ ಅಂಗಡಿಯಿಂದ ಕೊಡುವಾಗ, ತಗಡಿನ ಡಬ್ಬಿ ಕೈಗಿಟ್ಟು ಹೇಳಿದ್ದ. ಆಗ ಎದುರಿಗಿದ್ದವರು ಇಬ್ಬರು: ಗುರುಸಂಗಪ್ಪ ಮತ್ತು ತೋಟಪ್ಪ.

ಅದೇ ತೋಟಪ್ಪ ಫಿರ್ಯಾದಿಯಲ್ಲಿ ಬರೆಸಿದ್ದೇನು? ಆ ಯಂತ್ರದ ಗಂಧಗಾಳಿಯೂ ತನಗಿಲ್ಲ. ಸೋಮವಾರ ಮೆಹಬೂಬಸುಭಾನಿ ತಮ್ಮ ದನದ ಮನೆಗೆ ಬಂದು ಫಟಫಟಿಗೆ ಕೈ ಹಚ್ಚಿದ್ದನ್ನು ಕಣ್ಣಾರೆ ಕಂಡೆ. ಹಿಂದಿನ ವಾರ ಗುರುಸಂಗಪ್ಪ ಅವನನ್ನು ನಾಲ್ಕು ಮಂದಿಯ ಎದುರು ಬೈದಿದ್ದಕ್ಕೆ ಹಗೆ ತೀರಿಸಿಕೊಂಡಿದ್ದಾನೆ.

ಬೈದದ್ದು ನಿಜವೆಂದು ಮೆಹಬೂಬಸುಭಾನಿಯೂ ಒಪ್ಪಿದ. ಸೋಮವಾರ ಟ್ಯೂಬು ತರಲು ರೋಣಕ್ಕೆ ಬಂದದ್ದೂ ನಿಜ. ಆದರೆ ಆ ಓಣಿಯಲ್ಲಿ ಕಾಲಿಟ್ಟಿಲ್ಲ ಎಂದು ಅಲ್ಲಾನ ಆಣೆ ಹಾಕಿದ. ಆಣೆಗಳನ್ನು ನಂಬುವ ವಯಸ್ಸನ್ನು ಪ್ರಭುಲಿಂಗಪ್ಪನವರು ದಾಟಿ ಬಹಳ ದಿನವಾಗಿತ್ತು. ಆದರೂ ಠಾಣೆಯ ಎದುರಿನ ಬೇವಿನ ಕೆಳಗೆ ನಿನ್ನೆಯಿಂದ ರೊಟ್ಟಿಯ ಗಂಟು ಹಿಡಿದು ಕೂತಿದ್ದ ಅವನ ತಾಯಿ ಖಾಜಾಬಿಯ ಕಡೆ ನೋಡಲು ಅವರಿಗೆ ಧೈರ್ಯವಾಗುತ್ತಿರಲಿಲ್ಲ. ಆಕೆ ಅಳುತ್ತಿರಲಿಲ್ಲ, ಬೇಡುತ್ತಿರಲಿಲ್ಲ.

ಆಗ ಬಾಗಿಲಲ್ಲಿ ನಿಂತಿದ್ದ ಹವಾಲ್ದಾರ ಪರಶಪ್ಪ ಗಂಟಲು ಸರಿಮಾಡಿಕೊಂಡ. ಮೂರು ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಅವನದು. ರವಿವಾರ ಸಂಜೆ ತಾನು ಗಜೇಂದ್ರಗಡದಿಂದ ಗುರುಸಂಗಪ್ಪನ ಹಿಂದೆ ಕೂತೇ ರೋಣಕ್ಕೆ ಬಂದಿದ್ದೆ, ಡ್ಯೂಟಿ ಬಿಟ್ಟು ಬೀಗರ ಮನೆಗೆ ಹೋಗಿದ್ದರಿಂದ ಬಾಯಿ ಬಿಟ್ಟಿರಲಿಲ್ಲ ಎಂದ.

"ಗಾಡಿ ಹ್ಯಾಂಗಿತ್ತಲೇ?"

"ಬೆಣ್ಣಿ ಹಂಗ ಬಂತ್ರಿ. ಎಲ್ಲೂ ಸೀನಲಿಲ್ಲ, ಕೆಮ್ಮಲಿಲ್ಲ."

ಬೈಯಲೂ ಫೌಜದಾರರಿಗೆ ತ್ರಾಣವಿರಲಿಲ್ಲ. ಮಂಗಳವಾರ ಅದೇ ಗಾಡಿ ರೋಣದಿಂದ ಹೊರಟಾಗಿನಿಂದ ಪೆಟ್ರೋಲು ಸಾಲದೆ ಫಟ್ ಫಟ್ ಎಂದು ಸೀನುತ್ತಿತ್ತು. ಪೆಟ್ರೋಲಿನಲ್ಲಿ ನೀರು ಕೂಡಿದೆಯೆಂದು ಗುರುಸಂಗಪ್ಪ ಬೈದುಕೊಂಡದ್ದನ್ನು ಗುಡ್ಡದ ಬುಡದ ಚಹಾದಂಗಡಿಯವನು ಕೇಳಿದ್ದ. ಅಂದರೆ ಜೆಟ್ಟು ಬದಲಾದದ್ದು ರವಿವಾರ ಸಂಜೆಯಿಂದ ಮಂಗಳವಾರ ಬೆಳಗಿನೊಳಗೆ. ನಡುವೆ ಇದ್ದದ್ದು ಸೋಮವಾರ.

ಸೋಮವಾರ ಈ ಸೀಮೆಯಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತಿಗೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ದನದ ಮನೆಯಲ್ಲಿ ಬಿಡುತ್ತಾರೆ. ಗುರುಸಂಗಪ್ಪ ತನ್ನ ಫಟಫಟಿಗೂ ಅದೇ ನೇಮ ಹಚ್ಚಿದ್ದ. ಊರವರು ನಗಾಡಿದರೂ ಬಿಟ್ಟಿರಲಿಲ್ಲ. ಸೋಮವಾರ ಅದು ಎತ್ತುಗಳ ಪಕ್ಕದಲ್ಲಿ ನಿಲ್ಲಬೇಕು, ಮನೆಯವರ ಕೈಯಿಂದ ಮೈ ತೊಳೆಸಿಕೊಳ್ಳಬೇಕು.

ಪ್ರಭುಲಿಂಗಪ್ಪನವರು ಎದ್ದು ತಾಟನ್ನು ಕಿಟಕಿಯ ಬೆಳಕಿಗೆ ಒಯ್ದರು. ಜೆಟ್ಟಿನ ಕೆಳಗೆ ಕೂಡುವ ದೊಡ್ಡ ನಟ್ಟನ್ನು ಎತ್ತಿ ತಿರುಗಿಸಿದರು. ಎಣ್ಣೆ, ಧೂಳು, ಕೊರಕಲಿನ ಮಣ್ಣು. ಅದರ ನಡುವೆ, ನಟ್ಟಿನ ಅಡಿಯ ತಗ್ಗಿನಲ್ಲಿ ಏನೋ ಹಳದಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ಮೂಗಿಗೆ ಹಿಡಿದರು. ಅರಿಷಿಣ.

ಮೆಹಬೂಬಸುಭಾನಿ ನೋಡಿ ತಲೆಯಾಡಿಸಿದ. ನಟ್ಟಿಗೆ ಅರಿಷಿಣ ಹಚ್ಚುವ ರಿವಾಜು ಲಷ್ಕರದಲ್ಲೂ ಇಲ್ಲ, ತನ್ನ ಅಂಗಡಿಯಲ್ಲೂ ಇಲ್ಲ.

ಕೇಡು ಬಯಸಿ ಬಂದವನು ಅರಿಷಿಣ ಹಚ್ಚಿ ಹೋಗುವುದಿಲ್ಲ. ಒಳಿತಾಗಲಿ ಎಂದು ಬೇಡಿಕೊಂಡ ಕೈ ಇದು, ಅದೂ ಹೆಣ್ಣಿನ ಕೈ. ಹೊಳೆದ ಕೂಡಲೇ ಫೌಜದಾರರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಅಯ್ಯೋ ಶಿವನೇ, ಇದು ನನ್ನ ಕೈಯಲ್ಲೇ ಬಯಲಾಗಬೇಕಿತ್ತೇ ಎನಿಸಿತು. ಎರಡು ಜೆಟ್ಟುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ತಲೆಗೆ ರುಮಾಲು ಸುತ್ತಿಕೊಂಡು ಬಿಸಿಲಿಗಿಳಿದರು. ಗಂಟೆ ಮೂರಾಗಿತ್ತು.

ಆ ಮನೆ ಇದ್ದದ್ದು ಅರಳೆ ಪೇಟೆಯ ಹಿಂದಿನ ಓಣಿಯಲ್ಲಿ. ಕಟ್ಟೆಯ ಮೇಲೆ ಸಾವಿನ ಮನೆಯವರನ್ನು ಮಾತಾಡಿಸಲು ಬಂದ ಬಳಗದವರು ಕೂತಿದ್ದರು. ನಡುವೆ ತೋಟಪ್ಪ, ನಲವತ್ತರ ದಪ್ಪ ಆಳು, ಮೂರು ದಿನದಿಂದ ಗಡ್ಡ ಬಿಟ್ಟಿದ್ದ, ಕಣ್ಣು ಕೆಂಪಾಗಿದ್ದವು. ಗುಡ್ಡದ ಮೇಲಿನ ಹೊಲ ಯಾರು ಮಾಡಬೇಕೆಂಬ ಜಗಳದಲ್ಲಿ ಅಣ್ಣತಮ್ಮಂದಿರು ಎರಡು ತಿಂಗಳು ಮಾತು ಬಿಟ್ಟಿದ್ದರು. ಆ ಹೊಲ ನೋಡಿಬರಲೆಂದೇ ತಮ್ಮ ಮಂಗಳವಾರ ಹೊರಟದ್ದು. ಈಗ ತಮ್ಮನ ಹೆಸರೆತ್ತಿದರೆ ಅಣ್ಣ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಸುಳ್ಳೋ ಖರೆಯೋ, ಶಿವನೇ ಬಲ್ಲ. ತಮ್ಮಂದಿರ ಹೆಣದ ಮೇಲೆ ನಿಜವಾಗಿಯೇ ಬಿದ್ದು ಅತ್ತ ಕೊಲೆಗಾರರನ್ನೂ ಪ್ರಭುಲಿಂಗಪ್ಪನವರು ನೋಡಿದ್ದರು.

ಅವನು ಎದ್ದು ಕೈ ಮುಗಿದು, ಆ ಹಲಕಟ್ಟನನ್ನು ಐದರ ಬಸ್ಸಿಗೆ ಕಳಿಸುತ್ತೀರಲ್ಲ ಎಂದು ಕೇಳಿದ. ನೋಡೋಣ ಎಂದರು ಫೌಜದಾರರು. ಫಟಫಟಿ ನಿಲ್ಲಿಸುತ್ತಿದ್ದ ಜಾಗ ಒಮ್ಮೆ ನೋಡಬೇಕು, ನಿಮ್ಮ ತಾಯಿಯವರನ್ನೂ ತಮ್ಮನ ಹೆಂಡತಿಯನ್ನೂ ಅಲ್ಲಿಗೆ ಕರೆಯಿರಿ ಎಂದರು. ಹೆಣ್ಣುಮಕ್ಕಳನ್ನು ಇದರಲ್ಲಿ ಯಾಕೆ ತರುತ್ತೀರಿ ಎಂದು ತೋಟಪ್ಪ ಗೊಣಗಿದ. ಬಳಗದವರು ನೋಡುತ್ತಿದ್ದರು, ಇಲ್ಲವೆನ್ನಲಾಗಲಿಲ್ಲ.

ದನದ ಮನೆ ತಂಪಾಗಿತ್ತು. ಎರಡು ಎತ್ತು ಕಣಕಿ ಅಗಿಯುತ್ತಿದ್ದವು. ಅವುಗಳ ಪಕ್ಕದ ನೆಲದಲ್ಲಿ ಎಣ್ಣೆಯ ಕಲೆ. ತಾಯಿ ಹೊನ್ನವ್ವ ಗೋಡೆಗೆ ಬೆನ್ನು ಹಚ್ಚಿ ಕೂತಳು. ಅರವತ್ತೈದು ದಾಟಿದ ಜೀವ, ಕೂಡುವಾಗ ಮೊಣಕಾಲು ಹಿಡಿದುಕೊಂಡಳು. ಗುರುಸಂಗಪ್ಪನ ಹೆಂಡತಿ ಶೇಖವ್ವ ಅತ್ತೆಯ ಹಿಂದೆ ನಿಂತಳು. ಇಪ್ಪತ್ನಾಲ್ಕಿರಬೇಕು. ತಲೆಯ ಮೇಲಿನ ಸೆರಗು ಕಣ್ಣಿನವರೆಗೆ ಇಳಿದಿತ್ತು, ಬಳೆಯಿಲ್ಲದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಮತ್ತೆ ಮತ್ತೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಫೌಜದಾರರು ಮೇವಿನ ಕಲ್ಲಿನ ಮೇಲೆ ಕೂತರು. ಸೋಮವಾರ ಫಟಫಟಿ ತೊಳೆಯುತ್ತಿದ್ದವರು ಯಾರು ಎಂದು ಮೆಲ್ಲಗೆ ಕೇಳಿದರು. ತಾನೇ ಎಂದಳು ಶೇಖವ್ವ. ಗಂಡನೇ ಕಲಿಸಿದ್ದ. ಎತ್ತು ತೊಳೆಯುವುದು ಅವನ ಕೆಲಸ, ಗಾಡಿ ತೊಳೆಯುವುದು ಇವಳದು. ಕೆಳಗಿನ ದೊಡ್ಡ ನಟ್ಟು ಬಿಚ್ಚಿ, ಒಳಗಿನ ಕಸ ತೆಗೆದು, ಚಿಮಣಿ ಎಣ್ಣೆಯಲ್ಲಿ ಒರೆಸಿ ಮತ್ತೆ ಕೂಡಿಸುವಷ್ಟು ಕೈ ಪಳಗಿತ್ತು. ಹೇಳುತ್ತ ಹೇಳುತ್ತ ಅವಳ ದನಿಯಲ್ಲಿ ಸಣ್ಣ ಹೆಮ್ಮೆಯೂ ಇಣುಕಿತು. ಓಣಿಯ ಯಾವ ಗಂಡಸಿಗೂ ಬಾರದ ಕೆಲಸ ಅದು, ಹೆಮ್ಮೆ ಯಾಕಿರಬಾರದು ಪಾಪ.

ಪ್ರಭುಲಿಂಗಪ್ಪನವರು ಕರವಸ್ತ್ರ ಬಿಚ್ಚಿ ಎರಡು ಜೆಟ್ಟುಗಳನ್ನು ಅಂಗೈಯಲ್ಲಿ ಹಿಡಿದರು. ಈ ಪ್ರಶ್ನೆ ಕೇಳದೆ ಎದ್ದು ಹೋಗಿಬಿಡಬಹುದಿತ್ತು. ಆಗ ಬೇವಿನ ಕೆಳಗಿನ ಮುದುಕಿಯ ಮಗ ಐದರ ಬಸ್ಸು ಹತ್ತುತ್ತಿದ್ದ.

"ತಂಗಿ, ಇವುಗಳಾಗ ಗುಡ್ಡ ಏರೂದಕ್ಕ ಯಾವುದು?"

ಅವಳು ಬಾಗಿ ನೋಡಿ, ಒಂದಿಷ್ಟೂ ತಡೆಯದೆ ಬೆರಳು ತೋರಿಸಿದಳು. "ಸಣ್ಣದ್ರಿ. ಏರಿಗೆ ಸಣ್ಣದು ಹಾಕಬೇಕು. ಆ ಲಷ್ಕರದ ಅಣ್ಣಾರು ಕಟ್ಟಿ ಮ್ಯಾಲೆ ಹೇಳತಿದ್ರಲ್ಲ, ಸಣ್ಣದು ಹಾಕಿದ್ರ ಕುದುರಿ ಹಂಗ ಏರತೈತಿ ಅಂತ. ಸೋಮವಾರ ನಾನ ಹಾಕಿಟ್ಟೆ. ಅರಿಷಿಣ ಹಚ್ಚಿ ಕೈ ಮುಗದೇನ್ರಿ."

ಮೆಹಬೂಬಸುಭಾನಿ ನಕ್ಕದ್ದು ಫೌಜದಾರರಿಗೆ ನೆನಪಾಯಿತು. ಕೆಲಸ ಬಲ್ಲವನು ಈ ಗುಡ್ಡಕ್ಕೆ ಆ ಜೆಟ್ಟು ಹಾಕುವುದಿಲ್ಲ. ಕತೆಯನ್ನಷ್ಟೇ ಕೇಳಿ ನಂಬಿದವರು ಹಾಕುತ್ತಾರೆ. ಗಂಡನಿಗೆ ಹೇಳಿದ್ದೆಯಾ ಎಂದಾಗ ಇಲ್ಲವೆಂದಳು. ಅವನು ಸೋಮವಾರ ಸಂಜೆ ಬಸ್ಸಿನಲ್ಲಿ ಮೆಣಸಗಿಗೆ ಹೋಗಿ ದಣಿದು ಬಂದು ಮಲಗಿದ, ಬೆಳಿಗ್ಗೆ ನಸುಕಿನಲ್ಲೇ ಹೊರಟುಹೋದ.

"ನಿನಗ ತಾನ ಹೊಳೀತೇನು ಇದು? ಯಾರರ ಹೇಳಿದ್ರೇನು?"

ಶೇಖವ್ವ ಅತ್ತೆಯ ನೆತ್ತಿಯ ಕಡೆ ನೋಡಿದಳು. "ಭಾವಾರು ಹೇಳಿದ್ರಂತ್ರಿ. ನಾಳೆ ಅಂವಾ ಗುಡ್ಡಕ್ಕ ಹೊಂಟಾನ, ತಾ ಹಾಕೂದು ಮರೀತಾನ, ಆಕೀನ ಹಾಕಿಡಲಿ ಅಂತ. ಭಾವಾರು ನನ್ನ ಕೂಡ ಮಾತಾಡಂಗಿಲ್ರಿ. ಅತ್ತ್ಯಾರ ಮುಂದ ಹೇಳಿದ್ರು. ಅತ್ತ್ಯಾರು ನನಗ ಹೇಳಿದ್ರು."

ಹಳೆಯ ಮನೆತನದ ಮರ್ಯಾದೆ ಅದು. ತಮ್ಮನ ಹೆಂಡತಿಗೆ ಭಾವ ಎದುರಾಗಿ ಮಾತಾಡುವುದಿಲ್ಲ. ಹೇಳಬೇಕಾದ್ದನ್ನೆಲ್ಲ ತಾಯಿಗೆ ಹೇಳುತ್ತಾನೆ. ತಾಯಿ ಸೊಸೆಗೆ ದಾಟಿಸುತ್ತಾಳೆ. ಊಟಕ್ಕೆ ಬಡಿಸಲಿ ಎಂಬ ಮಾತೂ ಆ ದಾರಿಯಲ್ಲೇ ಹೋಗಬೇಕು. ಸೋಮವಾರ ಈ ಮಾತೂ ಆ ದಾರಿಯಲ್ಲೇ ಹೋಗಿತ್ತು. ತೋಟಪ್ಪ ಹೇಳಿದ್ದನ್ನು ಶೇಖವ್ವ ತನ್ನ ಕಿವಿಯಿಂದ ಕೇಳಿಲ್ಲ. ಕೇಳಿದವಳು ಜಗತ್ತಿನಲ್ಲಿ ಒಬ್ಬಳೇ.

ಹೊನ್ನವ್ವ ನೆಲ ನೋಡುತ್ತಿದ್ದಳು.

ಫೌಜದಾರರ ಮುಖ ನೋಡಿ ಶೇಖವ್ವನ ದನಿ ಇಳಿಯಿತು. "ಅದು ತಪ್ಪಾತೇನ್ರಿ?"

ಸುಳ್ಳು ಹೇಳೋಣ ಎನಿಸಿತು ಅವರಿಗೆ. ಒಂದು ಸುಳ್ಳಿನಿಂದ ಈ ಹುಡುಗಿ ಇನ್ನು ಐವತ್ತು ವರ್ಷ ನಿದ್ದೆ ಮಾಡಬಹುದು. ಆದರೆ ಅವಳು ಆಗಲೇ ಅವರ ಮುಖ ಓದಿಕೊಂಡಿದ್ದಳು.

"ಹಾಕಿದವರದು ತಪ್ಪಲ್ಲ, ತಂಗಿ," ಎಂದರು. "ತಿಳಿದು ಹಾಕಿಸಿದವರದು ತಪ್ಪು."

ಶೇಖವ್ವ ಎಣ್ಣೆಯ ಕಲೆಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಎರಡೂ ಕೈ ಮುಂದೆ ಚಾಚಿ, ತನ್ನವೇ ಅಲ್ಲವೆಂಬಂತೆ ನೋಡತೊಡಗಿದಳು. ಆ ನೋಟ ಕಂಡು ಪ್ರಭುಲಿಂಗಪ್ಪನವರ ಕಣ್ಣು ಒದ್ದೆಯಾದವು. ಮೂವತ್ತೊಂದು ವರ್ಷದಲ್ಲಿ ಠಾಣೆಯ ಕೆಲಸಕ್ಕೆ ಅವರು ಇಷ್ಟು ಹೇಸಿದ್ದಿಲ್ಲ.

ಬಾಗಿಲಲ್ಲಿ ನೆರಳಾಡಿತು. ತೋಟಪ್ಪ ನಿಂತಿದ್ದ; ಎಷ್ಟು ಹೊತ್ತಿನಿಂದಲೋ. ಐದರ ಬಸ್ಸಿಗೆ ಹೊತ್ತಾಯಿತಲ್ಲ ಎಂದ. ಹೊಸ್ತಿಲು ದಾಟಿ ಒಳಗೆ ಬಂದ. ಫೌಜದಾರರು ಜೆಟ್ಟು ಹಿಡಿದ ಕೈಯನ್ನು ಅವನ ಮುಂದೆ ಒಡ್ಡಿ, ಎರಡು ವರ್ಷದ ಹಿಂದೆ ಗಜೇಂದ್ರಗಡದ ಅಂಗಡಿಯಲ್ಲಿ ಮೆಹಬೂಬಸುಭಾನಿ ಇವುಗಳ ಬಗ್ಗೆ ನಿಮಗಿಬ್ಬರಿಗೂ ಏನು ಹೇಳಿದ್ದ ಎಂದು ಕೇಳಿದರು. ಏನೂ ನೆನಪಿಲ್ಲ ಎಂದ ತೋಟಪ್ಪ. ಸಿಕ್ಕಿಬಿದ್ದವನು ತನ್ನ ತಲೆ ಉಳಿಸಿಕೊಳ್ಳಲು ಏನಾದರೂ ಹೇಳುತ್ತಾನೆ, ಅದನ್ನು ಯಾವ ಕೋರ್ಟು ನಂಬುತ್ತದೆ ಎಂದೂ ಸೇರಿಸಿದ. ಆ ಮಾತು ತಪ್ಪಿರಲಿಲ್ಲ. ಮೆಹಬೂಬಸುಭಾನಿಯ ಮಾತಿಗೆ ಸಾಕ್ಷಿಯಾಗಬೇಕಾದವನು ಕೊರಕಲಿನಲ್ಲಿ ಸತ್ತಿದ್ದ.

"ಸೋಮವಾರ ಸಣ್ಣ ಜೆಟ್ಟು ಹಾಕಿಡಲಿ ಅಂತ ನೀವು ಹೇಳಿ ಕಳಿಸಿದ್ರೋ ಇಲ್ಲೋ?"

ತೋಟಪ್ಪ ಫೌಜದಾರರ ಕಡೆ ನೋಡಲಿಲ್ಲ. ನೆಲದ ಮೇಲೆ ಕೂತ ತಮ್ಮನ ಹೆಂಡತಿಯ ಕಡೆಗೂ ನೋಡಲಿಲ್ಲ. ತಾಯಿಯ ಕಡೆ ತಿರುಗಿದ. ದನಿ ಮೆತ್ತಗಿತ್ತು, ನಿತ್ಯ ಊಟದ ಹೊತ್ತಿನಲ್ಲಿ ಇರುವಷ್ಟೇ ಮೆತ್ತಗೆ.

"ಆಕಿಗೆ ಹೇಳಬೇ ಯವ್ವಾ. ನಾ ಏನೂ ಹೇಳಿಲ್ಲಂತ."

ಎತ್ತೊಂದು ಬಾಲ ಬೀಸಿ ನೊಣ ಹೊಡೆಯಿತು. ಪ್ರಭುಲಿಂಗಪ್ಪನವರು ನೋಯುವ ಸೊಂಟವನ್ನೂ ಲೆಕ್ಕಿಸದೆ ಮೇವಿನ ಕಲ್ಲಿನಿಂದ ಇಳಿದು, ಮುದುಕಿಯ ಎದುರಿಗೆ ಕುಕ್ಕುರುಗಾಲಿನಲ್ಲಿ ಕೂತರು. ಇದ್ದದ್ದನ್ನು ಇದ್ದಂತೆ ಹೇಳಿದರು. ಆಕೆ ಸುಮ್ಮನಿದ್ದರೆ ಜೆಟ್ಟು ಹಾಕಿದ ಕೈ ಸೊಸೆಯದು, ಅಪರಾಧವೂ ಅವಳದೇ ಆಗುತ್ತದೆ. ಸೊಸೆಯ ಮಾತನ್ನು ಬರೆದುಕೊಳ್ಳದೆ ಬಿಟ್ಟರೆ, ಏನೂ ಮಾಡದ ಮೆಹಬೂಬಸುಭಾನಿ ಇನ್ನೊಂದು ತಾಸಿಗೆ ಬಸ್ಸು ಹತ್ತುತ್ತಾನೆ. ಅವನಿಗೂ ಒಬ್ಬ ತಾಯಿ ಇದ್ದಾಳೆ.

"ಹೊನ್ನವ್ವಾರ, ಸೋಮವಾರ ಈ ಮಗಾ ನಿಮ್ಮ ಮುಂದ ಏನು ಹೇಳಿದ?"

ಹೊನ್ನವ್ವ ತಲೆ ಎತ್ತಿದಳು. ಎದುರಿಗೆ ನಿಂತ ಮಗನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆಮೇಲೆ ಕೈ ಚಾಚಿ, ನೆಲದ ಮೇಲೆ ಬಿದ್ದಿದ್ದ ಸೊಸೆಯ ಕೈಯನ್ನು ಹುಡುಕಿ ಹಿಡಿದುಕೊಂಡಳು.

"ನನಗ ಇನ್ನ ಒಬ್ಬನ ಮಗಾ ಉಳದಾನ್ರಿ, ಸಾಹೇಬ್ರ. ಖರೇ ಹೇಳಿದ್ರ ಅಂವನೂ ಹೋಗತಾನ," ಎಂದಳು.